ವಾಪಸಮ್ಮ

ಅವರು ಮೊದಲು ಮೂಸಿ ನೋಡುತ್ತಿದ್ದರು. ಆಮೇಲೆ ಕಣ್ಣು, ಆಮೇಲೆ ಸೂಕ್ಷ್ಮದರ್ಶಕ, ಎಲ್ಲಕ್ಕಿಂತ ಕೊನೆಗೆ ಪುಸ್ತಕ. ರೋಗಿಗಳ ಕೀವು, ಕಫ, ಮೂತ್ರಗಳಲ್ಲಿರುವ ಸೂಕ್ಷ್ಮಜೀವಿಗಳನ್ನು ಬೆಳೆಸಿ ಗುರುತು ಹಿಡಿಯುವ ಆ ಆಸ್ಪತ್ರೆಯ ಮೂರನೆಯ ಮಹಡಿಯ ಪ್ರಯೋಗಾಲಯದಲ್ಲಿ, 'ಯಾರೂ ತಟ್ಟೆಗಳನ್ನು ಮೂಸತಕ್ಕದ್ದಲ್ಲ' ಎಂಬ ಸೂಚನೆ ಗೋಡೆಯ ಮೇಲಿತ್ತು. ಅದನ್ನು ದುಂಡಗಿನ ಅಕ್ಷರಗಳಲ್ಲಿ ಬರೆದು ಅಂಟಿಸಿದವರೂ ಅವರೇ. ಕೇಳಿದರೆ, "ಅದು ಹೊಸಬರಿಗೆ" ಎನ್ನುತ್ತಿದ್ದರು. ಗಾಜಿನ ತಟ್ಟೆಯ ಮುಚ್ಚಳವನ್ನು ಒಂದು ಬೆರಳಿನಷ್ಟು ಮಾತ್ರ ಎತ್ತಿ, ಅದರ ಮೇಲೆ ಅಂಗೈಯನ್ನು ಒಮ್ಮೆ ಬೀಸಿ, ಮುಖವನ್ನು ಓರೆ ಮಾಡಿ ಕ್ಷಣಕಾಲ ನಿಲ್ಲುತ್ತಿದ್ದ ಆ ರೀತಿ ನನಗೆ ಬೆಳಗಿನ ಹಾಲು ಸಂಜೆಗೂ ಉಳಿದಿದೆಯೋ ಕೆಟ್ಟಿದೆಯೋ ಎಂದು ನೋಡುವ ಹೆಂಗಸರ ನಿಲುವನ್ನು ನೆನಪಿಸುತ್ತಿತ್ತು. ಅವರ ಬಾಯಿಂದ ಆಗ ಒಂದೇ ಪದ ಬರುತ್ತಿತ್ತು: "ಮಣ್ಣು", ಇಲ್ಲವೇ "ಸಿಹಿ", ಇಲ್ಲವೇ "ಹಳೇ ಬಟ್ಟೆ". ಮರುದಿನ ಪರೀಕ್ಷೆಗಳೆಲ್ಲ ಮುಗಿದ ಮೇಲೆ ಬರುವ ಉದ್ದನೆಯ ಲ್ಯಾಟಿನ್ ಹೆಸರು ಆ ಒಂದು ಪದದ ಮಾತನ್ನು ಮೀರಿ ಹೋದದ್ದು ಕಡಿಮೆ.

ವಾಪಸಮ್ಮ ಎಂಬುದು ಕೆಳಗಿನ ವಾರ್ಡುಗಳ ನರ್ಸುಗಳು ಅವರಿಗಿಟ್ಟ ಹೆಸರು. ಕಳಿಸಿದ ಮಾದರಿಗಳಲ್ಲಿ ದಿನಕ್ಕೆ ಆರೇಳನ್ನಾದರೂ ಅವರು ವಾಪಸು ಕಳಿಸುತ್ತಿದ್ದರು. ಕೀವು ಒರೆಸಿದ ಹತ್ತಿಕಡ್ಡಿ ಒಣಗಿದ್ದರೆ ವಾಪಸು, ಗಂಟೆ ಬರೆಯದಿದ್ದರೆ ವಾಪಸು, ಮುಚ್ಚಳ ಸಡಿಲವಾಗಿದ್ದರೆ ವಾಪಸು. ಜೊತೆಗೊಂದು ಚೀಟಿ: 'ಇದು ಕಿವಿಯ ಹೊರಬಾಗಿಲ ಕೊಳೆ. ಮನೆಯ ಒಳಗಿನದು ಕಳಿಸಿ.' ನರ್ಸುಗಳು ಬೈದುಕೊಳ್ಳುತ್ತಿದ್ದರು, ಎಳೆಯ ವೈದ್ಯರು ಮುನಿಸಿಕೊಳ್ಳುತ್ತಿದ್ದರು. ಅಡ್ಡಹೆಸರು ಅವರ ಕಿವಿಗೂ ಬಿದ್ದಿತ್ತು. "ಇನ್ನೇನಾದ್ರೂ ಇಟ್ಟಿದ್ರೆ ಕಷ್ಟ ಆಗ್ತಿತ್ತು. ಇದು ಮಾಡೋ ಕೆಲಸದ ಹೆಸರೇ ಅಲ್ವಾ" ಎಂದು ಅದನ್ನೂ ಒಪ್ಪಿಕೊಂಡಿದ್ದರು. ವಾಪಸು ಕಳಿಸದೆ ಇಟ್ಟುಕೊಂಡ ವಸ್ತುಗಳಲ್ಲಿ ಅದೊಂದು.

ಅವರ ನಡಿಗೆ ನೋಡಿದವರಿಗೆ ನೆಲ ಈಗಷ್ಟೇ ಒರೆಸಿದ್ದಿರಬೇಕು ಎನ್ನಿಸುತ್ತಿತ್ತು. ಪಾದ ಎತ್ತದೆ, ಭುಜ ಅಲುಗದೆ, ಜಾರಿದ ಹಾಗೆ ಸಾಗುವ ಆ ನಡಿಗೆ ಮೂವತ್ತೊಂದು ವರ್ಷಗಳ ಕೆಲಸದ ಫಲ. ಅಗರ್ ಎಂಬುದು ಕಡಲ ಪಾಚಿಯಿಂದ ಮಾಡಿದ, ಆರಿದರೆ ಹೆಪ್ಪುಗಟ್ಟುವ ಒಂದು ಪಾಕ. ಅದಕ್ಕೆ ಕುರಿಯ ರಕ್ತ ಬೆರೆಸಿದರೆ ಸೂಕ್ಷ್ಮಜೀವಿಗಳಿಗೆ ಮೃಷ್ಟಾನ್ನ. ಅದನ್ನು ಕುದಿಸಿ, ಹದವಾಗಿ ಆರಿಸಿ, ತಟ್ಟೆಗಳಿಗೆ ಹೊಯ್ದು, ಹೆಪ್ಪುಗಟ್ಟುವ ಮೊದಲು ಒಂದಲೆಯೂ ಏಳದಂತೆ ಕೋಣೆಯ ಆ ತುದಿಗೆ ಒಯ್ದಿಡುವುದು ಅವರ ಬೆಳಗಿನ ಕೆಲಸ. ಕೈ ಬರಿದಾಗಿದ್ದಾಗಲೂ ಕಾಲು ಅದನ್ನು ಮರೆಯುತ್ತಿರಲಿಲ್ಲ. "ಮನೇಲಿ ಇಷ್ಟು ಶ್ರದ್ಧೆಯಿಂದ ಅಡುಗೆ ಮಾಡಿದ್ದಿದ್ರೆ ನಮ್ಮನೆಯವರು ಇಷ್ಟೊತ್ತಿಗೆ ಈ ಕ್ರಿಮಿಗಳ ಹಾಗೆ ಮನೆ ತುಂಬಾ ಬೆಳೀತಿದ್ರು" ಎಂದು ನಗುತ್ತಿದ್ದರು. ಅವರ ಬಿಳಿಯ ಕೋಟು ಬಿಳುಪನ್ನು ಎಂದೋ ಬಿಟ್ಟುಕೊಟ್ಟಿತ್ತು. ಬಲಜೇಬಿನ ಅಂಚಿನಲ್ಲಿ, ಕ್ರಿಮಿಗಳು ಕಾಣಲೆಂದು ಹಾಕುವ ನೇರಳೆ ಬಣ್ಣದ ಕಲೆ, ಬಲಗೈಯ ಎರಡು ಬೆರಳ ತುದಿಗಳಲ್ಲೂ ಅದೇ ನೇರಳೆ. ಆ ಕೋಟನ್ನು ಅವರು ಒಮ್ಮೆಯೂ ಮನೆಗೆ ಒಯ್ಯಲಿಲ್ಲ. ಶನಿವಾರ ಮಧ್ಯಾಹ್ನ ಅಲ್ಲೇ ಹಬೆಯಲ್ಲಿ ಬೇಯಿಸಿ, ಅಲ್ಲೇ ಒಗೆದು, ಅಲ್ಲಿಯ ತಾರಸಿಯ ಮೇಲೇ ಒಣಹಾಕುತ್ತಿದ್ದರು. "ಇಲ್ಲಿಯ ಕೊಳೆ ಇಲ್ಲೇ ಇರಲಿ. ಮನೇದು ಮನೇಲಿದೆ."

ವರದಿಯ ಕೆಳಗೆ ಸಹಿ ಹಾಕುವವರು ವಿಭಾಗದ ಮುಖ್ಯಸ್ಥರು. ಒಮ್ಮೆ ಆ ಮುಖ್ಯಸ್ಥರು ಬಹುಕಾಲದಿಂದ ಸೋರುವ ಇನ್ನೂರು ಕಿವಿಗಳಲ್ಲಿ ಯಾವ ಯಾವ ಜೀವಿಗಳಿವೆ, ಯಾವುದು ಯಾವ ಔಷಧಿಗೆ ಬಗ್ಗುತ್ತದೆ ಎಂದು ಒಂದು ಪ್ರಬಂಧ ಬರೆದರು. ಇನ್ನೂರು ಹತ್ತಿಕಡ್ಡಿಗಳನ್ನೂ ತಟ್ಟೆಗೆ ಸವರಿದವರು, ಇನ್ನೂರು ತಟ್ಟೆಗಳನ್ನೂ ಅಳೆದವರು, ಕೊನೆಗೆ ಅವನ್ನು ಬೇಯಿಸಿ ತೊಳೆದವರು ಈಕೆ. ಪ್ರಬಂಧದ ಕೊನೆಯ ಪುಟದಲ್ಲಿ 'ಪ್ರಯೋಗಾಲಯದ ಸಿಬ್ಬಂದಿಗೆ ಕೃತಜ್ಞತೆಗಳು' ಎಂದಿತ್ತು. ಆ ಸಾಲಿನ ಕೆಳಗೆ ಪೆನ್ಸಿಲಿನಿಂದ ಒಂದು ಗೆರೆ ಎಳೆದು ನನಗೆ ತೋರಿಸಿದ್ದರು. "ಸಿಬ್ಬಂದಿ ಅಂದ್ರೆ ನಾನು. ಬಹುವಚನ, ನೋಡಿ. ಗೌರವ ಕೊಟ್ಟಿದಾರೆ."

ಅವರ ಮಾತಿನಲ್ಲಿ ಒಂದು ಚಾಳಿಯಿತ್ತು. ಏನು ಹೇಳಿದರೂ "ಅದಕ್ಕೆ ಮುಂಚೆ?" ಎನ್ನುತ್ತಿದ್ದರು. ಜ್ವರ ಬಂತು ಎಂದರೆ, "ಅದಕ್ಕೆ ಮುಂಚೆ?" ಮಗಳು ಕೋಪ ಮಾಡಿಕೊಂಡಿದ್ದಾಳೆ ಎಂದರೆ, "ಅದಕ್ಕೆ ಮುಂಚೆ?" ಬಸ್ಸು ತಪ್ಪಿತು ಎಂದವರಿಗೂ ಅದೇ ಪ್ರಶ್ನೆ. ಮೊದಮೊದಲು ಇದೇನು ಪೊಲೀಸರ ವಿಚಾರಣೆ ಎನ್ನಿಸುತ್ತಿತ್ತು. ಕ್ರಮೇಣ ತಿಳಿಯಿತು, ಅವರ ಕೈಗೆ ಬರುವುದೆಲ್ಲ ಕಥೆಯ ಕೊನೆಯ ಪುಟ. ಹಿಂದಿನ ಪುಟಗಳನ್ನು ಅವರು ಕೇಳಿಯೇ ಪಡೆಯಬೇಕು.

ಆಸ್ಪತ್ರೆಯಲ್ಲಿ ಇಷ್ಟು ಕಟ್ಟುನಿಟ್ಟಿನ ಹೆಂಗಸು ಮನೆಯಲ್ಲಿ ಏನನ್ನೂ ವಾಪಸು ಕಳಿಸುತ್ತಿರಲಿಲ್ಲ. ಅವರ ಗಂಡ ಅಂಚೆ ಕಚೇರಿಯ ಗುಮಾಸ್ತಿಕೆಯಿಂದ ನಿವೃತ್ತರಾದ ಮೇಲೆ ಪಾತ್ರೆ ತೊಳೆಯುವ ಕೆಲಸ ವಹಿಸಿಕೊಂಡಿದ್ದರು. ನನ್ನ ಮುಂದಿಟ್ಟ ಲೋಟದ ತಳದಲ್ಲಿ ಹಿಂದಿನ ಚಹಾದ ಉಂಗುರ ಕಂಡು ನಾನೊಮ್ಮೆ ಕೇಳಿಯೇಬಿಟ್ಟೆ.

"ಅಲ್ಲಿ ಹತ್ತಿಕಡ್ಡಿ ಸ್ವಲ್ಪ ಒಣಗಿದ್ರೂ ಬಿಡಲ್ಲ. ಇಲ್ಲಿ ಈ ಲೋಟ ನೋಡಿ."

"ನೋಡಬೇಡಿ. ನಾನೂ ನೋಡಲ್ಲ" ಎಂದರು, ತಮ್ಮ ಲೋಟದಿಂದ ನಿಶ್ಚಿಂತೆಯಾಗಿ ಕುಡಿಯುತ್ತ. "ನೋಡಿದ್ರೆ ಕಾಣುತ್ತೆ, ಕಂಡ್ರೆ ಹೇಳ್ತೀನಿ, ಹೇಳಿದ್ರೆ 'ಹಾಗಾದ್ರೆ ನೀನೇ ತೊಳಿ' ಅಂತಾರೆ. ಆರು ವರ್ಷದಿಂದ ಆ ಮಾತು ಬರದ ಹಾಗೆ ಕಾಪಾಡ್ಕೊಂಡು ಬಂದಿದೀನಿ."

"ಕೇಳಿಸ್ತಿದೆ" ಎಂದರು ಗಂಡ, ಅಡುಗೆಮನೆಯಿಂದ.

"ಕೇಳಿಸ್ಲಿ ಅಂತಾನೇ ಹೇಳಿದ್ದು."

ನನಗೆ ಅವರ ಪರಿಚಯವಾದದ್ದು ನನ್ನ ಅತ್ತಿಗೆಯ ಎಡಗಿವಿಯಿಂದ. ಅಣ್ಣನ ಹೆಂಡತಿಯಾದ ಆಕೆಗೆ ಎರಡನೆಯ ಹೆರಿಗೆಯ ನಂತರದ ಒಂದು ನೆಗಡಿಯಲ್ಲಿ ಆ ಕಿವಿಯ ಪರದೆ ತೂತಾಗಿ, ಒಳಗಿನ ನಡುಗಿವಿ ಸೋರತೊಡಗಿತು. ಹನ್ನೊಂದು ವರ್ಷ ಸೋರಿತು. ಯಾರೋ ಒಬ್ಬ ವೈದ್ಯರು ಬರೆದುಕೊಟ್ಟ ಹನಿಔಷಧಿಯನ್ನು ಆಕೆ ಹನ್ನೊಂದು ವರ್ಷವೂ ಕೊಂಡು ಹಾಕಿಕೊಂಡರು. ಹಾಕಿದಾಗ ನಿಲ್ಲುತ್ತಿತ್ತು, ಬಿಟ್ಟರೆ ಮತ್ತೆ ಬರುತ್ತಿತ್ತು. ಮನೆಯಲ್ಲಿ ಅದು ಒಂದು ತಮಾಷೆಯಾಗಿತ್ತು. "ಎಡಗಡೆ ನಿಂತು ಬೈಯಿರಿ, ಕೇಳ್ಸಲ್ಲ" ಎಂದು ಅಣ್ಣ ನಗಿಸುತ್ತಿದ್ದ, ಅತ್ತಿಗೆಯೂ ನಗುತ್ತಿದ್ದರು.

ಆ ವರ್ಷ ನಗು ನಿಂತಿತು. ಅತ್ತಿಗೆ ಒಂದು ಶಿಶುವಿಹಾರದಲ್ಲಿ ಹಸುಗೂಸುಗಳನ್ನು ನೋಡಿಕೊಳ್ಳುತ್ತಿದ್ದರು. ಮಕ್ಕಳು ದೊಡ್ಡವರಾದ ಮೇಲೆ, ಮನೆಯ ಒಗೆತ ಬೆಳಗಿನೊಳಗೆ ಮುಗಿಸಿ ಹೊರಗೆ ಹೋಗಿ ತಾವಾಗಿ ಹಿಡಿದ ಕೆಲಸ ಅದು. ಹತ್ತು ತೊಟ್ಟಿಲುಗಳ ಆ ಕೋಣೆಯಲ್ಲಿ ಕಿವಿ ಒಂದೇ ಆದರೆ ಅಳು ಕೇಳಿಸುತ್ತದೆ, ಎಲ್ಲಿಂದ ಎಂದು ತಿಳಿಯುವುದಿಲ್ಲ. ಒಂದು ದಿನ ಎಡಗಡೆಯ ತೊಟ್ಟಿಲಲ್ಲಿ ಮಗು ವಾಂತಿ ಮಾಡಿಕೊಂಡು ಉಸಿರುಗಟ್ಟಿ ಮುಲುಗುತ್ತಿದ್ದರೆ ಅತ್ತಿಗೆ ಬಲಗಡೆಯ ತೊಟ್ಟಿಲುಗಳನ್ನು ಒಂದೊಂದಾಗಿ ಹುಡುಕಿದರು. ಮಗುವಿಗೇನೂ ಆಗಲಿಲ್ಲ. ಮೇಲ್ವಿಚಾರಕಿ ಮಾತ್ರ ಮೆದುವಾಗಿಯೇ ಹೇಳಿದರು: "ಮೂರು ತಿಂಗಳಲ್ಲಿ ಕಿವಿ ಸರಿ ಮಾಡಿಸ್ಕೊಳ್ಳಿ. ಇಲ್ಲಾಂದ್ರೆ ನಿಮ್ಮನ್ನ ಒಗೆಯೋ ಕಡೆ ಹಾಕ್ತೀನಿ. ಕೆಲಸ ಅಂತೂ ತೆಗೆಯಲ್ಲ." ಮಕ್ಕಳ ಬಟ್ಟೆ ಒಗೆಯುವ ಹಿತ್ತಲ ಕೋಣೆ ಅದು. ಅತ್ತಿಗೆ ಆ ರಾತ್ರಿ ನನಗೆ ಫೋನು ಮಾಡಿ, "ಒಗೆಯೋದೇ ಆಗಿದ್ರೆ ಮನೇಲೇ ಇರ್ತಿದ್ನಲ್ಲೇ" ಎಂದು ಫೋನು ಇಟ್ಟರು.

ಆಸ್ಪತ್ರೆಯ ಕಿವಿಯ ಡಾಕ್ಟರು ಪರದೆಗೆ ತೇಪೆ ಹಾಕಲು ಒಪ್ಪಿದರು. "ಆದರೆ ಕಿವಿ ಒಣಗಿರಬೇಕು. ಒದ್ದೆ ಗೋಡೆಗೆ ಸುಣ್ಣ ನಿಲ್ಲಲ್ಲ." ಕಿವಿಯೊಳಗಿನದನ್ನು ಹತ್ತಿಕಡ್ಡಿಯಿಂದ ತೆಗೆದು ಮೂರನೆಯ ಮಹಡಿಗೆ ಕಳಿಸಿದರು. ಎರಡು ದಿನದ ಮೇಲೆ ವರದಿ ಬಂತು: ಯಾವ ಬೆಳವಣಿಗೆಯೂ ಇಲ್ಲ. ನೋಡಿದರೆ ಕಿವಿಯೂ ಒಣಗಿದಂತಿತ್ತು. ಶಸ್ತ್ರಕ್ರಿಯೆಗೆ ದಿನ ಗೊತ್ತಾಗಿ, ಹಿಂದಿನ ಮಧ್ಯಾಹ್ನ ಅತ್ತಿಗೆಯನ್ನು ವಾರ್ಡಿಗೆ ಸೇರಿಸಿಕೊಂಡರು. ಬೆಳಿಗ್ಗೆ ನೋಡುವಾಗ ಕಿವಿ ಧಾರಾಳವಾಗಿ ಸೋರುತ್ತಿತ್ತು. ಮನೆಗೆ ಕಳಿಸಿದರು. ಮತ್ತೆ ಪರೀಕ್ಷೆ, ಮತ್ತೆ ಬೆಳವಣಿಗೆ ಇಲ್ಲ, ಮತ್ತೆ ದಿನ, ಮತ್ತೆ ವಾರ್ಡು, ಮತ್ತೆ ಆ ಬೆಳಿಗ್ಗೆ ಸೋರಿಕೆ. ಡಾಕ್ಟರು ಬೇಸತ್ತು, "ಹನಿ ಸರಿಯಾಗಿ ಹಾಕ್ಕೊಳ್ತಿಲ್ಲ ನೀವು" ಎಂದರು. ಅಣ್ಣನೂ ಅದನ್ನೇ ಅಂದ. ಮೂರು ತಿಂಗಳಲ್ಲಿ ಎರಡು ತಿಂಗಳು ಹೀಗೆ ಸವೆದವು.

ಎರಡನೆಯ ವರದಿ ಹಿಡಿದುಕೊಂಡು ನಾನು ಜಗಳವಾಡಲೆಂದೇ ಅತ್ತಿಗೆಯನ್ನು ಕರೆದುಕೊಂಡು ಮೂರನೆಯ ಮಹಡಿ ಹತ್ತಿದ್ದು. ಕಿಂಡಿಯ ಆಚೆ ನೇರಳೆ ಬೆರಳುಗಳ ಹೆಂಗಸೊಬ್ಬರು ಕೂತಿದ್ದರು.

"ಏನೂ ಬೆಳೆದಿಲ್ಲ ಅಂತ ಬರೆದಿದ್ದೀರಿ. ಇವರ ದಿಂಬಿನ ಮೇಲೆ ಬೆಳೀತಾ ಇರೋದೇನು ಹಾಗಾದ್ರೆ?" ಎಂದೆ.

ಅವರು ನನ್ನನ್ನು ಬಿಟ್ಟು ಅತ್ತಿಗೆಯ ಕಡೆ ನೋಡಿದರು. ಪಕ್ಕದ ಬಾಗಿಲು ತೆರೆದು ಒಳಗೆ ಕರೆದು, ಸ್ಟೂಲು ಎಳೆದು ಕೂರಿಸಿದರು, ಬಲಗಿವಿಯ ಪಕ್ಕಕ್ಕೆ ತಾವು ಕೂತರು.

"ನಮ್ಮಲ್ಲಿಗೆ ಕಳಿಸಿದ ದಿನ, ಡಾಕ್ಟ್ರು ಕಡ್ಡಿ ಹಾಕಿದ್ರಲ್ಲ, ಅದಕ್ಕೆ ಮುಂಚೆ ಏನು ಮಾಡಿದ್ರಿ?"

"ಸಾಲಲ್ಲಿ ಕೂತಿದ್ದೆ."

"ಅದಕ್ಕೆ ಮುಂಚೆ?"

"ಬಸ್ಸು."

"ಅದಕ್ಕೆ ಮುಂಚೆ?"

"ತಿಂಡಿ ಮಾಡಿಟ್ಟೆ. ಅದಕ್ಕೆ ಮುಂಚೆ ಸ್ನಾನ. ಅದಕ್ಕೂ ಮುಂಚೆ ದಿಂಬಿನ ಕವರ್ ಒಗೆದು ಹಾಕಿದ್ದೆ."

"ದಿನಾ ಒಗೀತೀರಾ?"

"ಎಲ್ಲರೂ ಏಳೋದರೊಳಗೆ ಒಗೆದುಬಿಡ್ತೀನಿ. ವಾಸನೆ ಇರುತ್ತಲ್ಲ."

"ಸ್ನಾನ ಆದ್ಮೇಲೆ ಕಿವಿಗೇನು ಮಾಡಿದ್ರಿ?"

ಅತ್ತಿಗೆ ನನ್ನ ಮುಖ ನೋಡಿದರು. ಉತ್ತರ ತಪ್ಪಾದೀತೆಂಬ ಅಳುಕು. "ಹತ್ತಿಯಿಂದ ಚೆನ್ನಾಗಿ ಒಳಗಿಂದ ಒರೆಸ್ದೆ. ಹನಿ ಹಾಕ್ಕೊಂಡೆ. ಆಸ್ಪತ್ರೆ ಬಾತ್‌ರೂಮಲ್ಲಿ ಇನ್ನೊಂದ್ಸಲ ಒರೆಸ್ಕೊಂಡು ಇನ್ನೊಂದೆರಡು ಹನಿ ಹಾಕ್ದೆ."

"ಯಾಕಮ್ಮಾ ಅಷ್ಟೊಂದು?"

"ಡಾಕ್ಟ್ರು ಹತ್ತಿರ ಬಗ್ಗಿ ನೋಡ್ತಾರಲ್ಲ ಮೇಡಂ. ಗಲೀಜು ಕಿವಿ ಹೇಗೆ ತೋರಿಸೋದು?"

ವಾಪಸಮ್ಮ ನನ್ನ ಕೈಯಲ್ಲಿದ್ದ ವರದಿಯನ್ನು ಇಸಿದುಕೊಂಡು ಮತ್ತೊಮ್ಮೆ ಓದಿದರು. ನನಗೂ ಆಗ ಹೊಳೆಯಿತು. ಹೊರರೋಗಿಯಾಗಿ ಬಂದ ದಿನಗಳಲ್ಲಿ ಕಿವಿ ಒಣಗಿರುತ್ತಿತ್ತು, ವಾರ್ಡಿನಲ್ಲಿ ಮಲಗಿದ ದಿನ ಸೋರುತ್ತಿತ್ತು. ವಾರ್ಡಿನಲ್ಲಿ ಹತ್ತಿ, ಹನಿ ಇದ್ದ ಚೀಲವನ್ನು ನರ್ಸು ತೆಗೆದಿಟ್ಟುಕೊಳ್ಳುತ್ತಿದ್ದರು. ಅತಿಥಿಗಳು ಬರುವ ಮೊದಲು ಮನೆ ಗುಡಿಸುವ ಹಾಗೆ, ನನ್ನ ಅತ್ತಿಗೆ ಕಾಯಿಲೆಯನ್ನೇ ಗುಡಿಸಿ ಒರೆಸಿಕೊಂಡು ಡಾಕ್ಟರ ಮುಂದೆ ಕೂರುತ್ತಿದ್ದರು. ಪ್ರಯೋಗಾಲಯಕ್ಕೆ ಹೋಗುತ್ತಿದ್ದುದು ಔಷಧಿಯಲ್ಲಿ ಅದ್ದಿದ ಹತ್ತಿಕಡ್ಡಿ.

"ಎಲ್ಲರೂ ನೀವು ಸರಿಯಾಗಿ ಮಾಡ್ತಿಲ್ಲ ಅಂತಿದಾರಾ?" ಎಂದು ಕೇಳಿದರು ವಾಪಸಮ್ಮ. ಅತ್ತಿಗೆ ಹೌದೆಂದು ತಲೆಯಾಡಿಸಿದರು. "ನೀವು ಬೇಕಾದ್ದಕ್ಕಿಂತ ಜಾಸ್ತಿ ಸರಿಯಾಗಿ ಮಾಡಿದೀರಿ. ಅಷ್ಟು ಗಟ್ಟಿ ಔಷಧಿ ಮೇಲೆ ಬಿದ್ರೆ ಎಂಥ ಕ್ರಿಮಿನೂ ನಾಲ್ಕು ಗಂಟೆ ಉಸಿರು ಬಿಗಿಹಿಡಿದು ಕೂರುತ್ತೆ. ಆ ನಾಲ್ಕು ಗಂಟೆಯೊಳಗೆ ನೀವು ನನಗೆ ಕಡ್ಡಿ ಕಳಿಸಿದ್ರಿ. ನಾನೂ ತಗೊಂಡೆ."

ಆಮೇಲೆ ಅವರು ಮಾಡಿದ್ದನ್ನು ಆ ಆಸ್ಪತ್ರೆಯಲ್ಲಿ ಅದಕ್ಕೆ ಮೊದಲು ಯಾರೂ ಕಂಡಿರಲಿಲ್ಲವಂತೆ. ಕೋಟು ಕಳಚಿ ಮೊಳೆಗೆ ಸಿಕ್ಕಿಸಿ, ನಮ್ಮನ್ನು ಹಿಂದಿಟ್ಟುಕೊಂಡು, ಜಾರುವ ನಡಿಗೆಯಲ್ಲಿ ಮೂರು ಮಹಡಿ ಇಳಿದು, ಸಾಲಿನಲ್ಲಿ ಕೂತವರನ್ನೆಲ್ಲ ದಾಟಿ ಕಿವಿಯ ಡಾಕ್ಟರ ಮುಂದೆ ನಿಂತರು.

"ನನ್ನ ಎರಡು ವರದಿನೂ ತಪ್ಪು" ಎಂದರು.

ಡಾಕ್ಟರು ಗಲಿಬಿಲಿಗೊಂಡರು. "ತಪ್ಪು ಹೇಗಾಗುತ್ತೆ? ಬೆಳೀಲಿಲ್ಲ, ಬೆಳೀಲಿಲ್ಲ ಅಂತ ಬರೆದ್ರಿ."

"ಔಷಧಿ ಹಾಕಿ ಎಷ್ಟು ಹೊತ್ತಾಯ್ತು ಅಂತ ಚೀಟೀಲಿ ಇರಲಿಲ್ಲ. ಎಲ್ಲಾ ವಾಪಸ್ ಕಳಿಸೋ ನಾನು ಇದನ್ನ ಎರಡು ಸಲ ತಗೊಂಡಿದೀನಿ. ಕಡ್ಡಿ ಒದ್ದೆ ಇದೆಯಲ್ಲ ಅಂತ ಖುಷಿಪಟ್ಟೆ. ಅದು ಹನಿಯ ಒದ್ದೆ." ಅಷ್ಟು ಹೇಳಿ, ಹನಿ ನಿಲ್ಲಿಸಿ ಐದು ದಿನ ಬಿಟ್ಟು ಮತ್ತೆ ತೆಗೆಯಲು ಅನುಮತಿ ಕೇಳಿದರು. ಡಾಕ್ಟರು ಕೊಟ್ಟರು. ಇಪ್ಪತ್ತು ಜನ ರೋಗಿಗಳ ಎದುರು ತನ್ನ ತಪ್ಪನ್ನು ಹೊತ್ತು ತಂದು ಮೇಜಿನ ಮೇಲಿಟ್ಟವರಿಗೆ ಇಲ್ಲ ಎನ್ನುವುದು ಯಾರಿಗೂ ಸುಲಭವಲ್ಲ.

ಹೊರಗೆ ಬಂದು ಅತ್ತಿಗೆಗೆ ಹೇಳಿದರು: "ಹೊರಗೆ ಹರಿದದ್ದನ್ನ ಮಾತ್ರ ಒರೆಸ್ಕೊಳ್ಳಿ. ಒಳಗೆ ಕೈ ಹಾಕಬೇಡಿ. ಗಲೀಜಾಗೇ ಬನ್ನಿ. ಗಲೀಜು ನಂಗೆ ಬೇಕು."

ಆ ಐದು ದಿನ ಅತ್ತಿಗೆಗೆ ಶಸ್ತ್ರಕ್ರಿಯೆಗಿಂತ ಕಷ್ಟವಾಯಿತು. ಶಿಶುವಿಹಾರಕ್ಕೆ ರಜೆ ಹಾಕಿದರು, ಊಟಕ್ಕೆ ಎಲ್ಲರೂ ಎದ್ದ ಮೇಲೆ ಕೂತರು. ನಾನು ಅವರ ಮನೆಯಲ್ಲೇ ಉಳಿದು ಕಾವಲು ಕಾದೆ. ಹತ್ತಿಯ ಸುರುಳಿಯನ್ನು ನನ್ನ ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕಿದ್ದೆ. ಮೂರನೆಯ ಬೆಳಿಗ್ಗೆ ಅಣ್ಣ ದಿಂಬಿನ ಕವರನ್ನು ಎರಡು ಬೆರಳಲ್ಲಿ ಹಿಡಿದುಕೊಂಡು ಹಜಾರಕ್ಕೆ ಬಂದ.

"ಇದೇನು, ಇಷ್ಟೊಂದಾ? ಹೊಸದಾಗಿ ಜಾಸ್ತಿಯಾಗಿದೆಯಾ?"

"ಹನ್ನೊಂದು ವರ್ಷದಿಂದ ಇಷ್ಟೇ" ಎಂದೆ. "ನೀನು ಏಳೋ ಹೊತ್ತಿಗೆ ತಂತಿ ಮೇಲಿರ್ತಿತ್ತು."

ಅವನು ಕವರನ್ನು ಬಚ್ಚಲಿಗೆ ಒಯ್ದು ಬಕೀಟಿಗೆ ಹಾಕಿದ. ಆಮೇಲೆ, "ಸೋಪು ಎಲ್ಲಿಡ್ತೀಯ?" ಎಂದು ಹೆಂಡತಿಯನ್ನು ಕೇಳಿದ. ಬಲಗಡೆ ನಿಂತು ಕೇಳಿದ, ಅದನ್ನೂ ಗಮನಿಸಿದೆ.

ಆರನೆಯ ಬೆಳಿಗ್ಗೆ ಡಾಕ್ಟರು ತೆಗೆದ ಹತ್ತಿಕಡ್ಡಿಯನ್ನು ವಾಪಸಮ್ಮ ತಾವೇ ಕೆಳಗಿಳಿದು ಕೈಯಲ್ಲಿ ಇಸಿದುಕೊಂಡು ಹೋದರು. ಎರಡು ದಿನ ಕಳೆದು ನಮ್ಮನ್ನು ಕರೆದರು. ಕಿಟಕಿಯ ಬೆಳಕಿಗೆ ಹಿಡಿದ ತಟ್ಟೆಯ ತುಂಬ ನೀಲಿ ಬೆರೆತ ಹಸಿರು, ಎಳೆ ಗರಿಕೆಯ ಮೇಲೆ ಮಂಜು ಬಿದ್ದಂಥ ಹೊಳಪು. ಮುಚ್ಚಳ ಒಂದಿಷ್ಟು ಎತ್ತಿದರು. ಕಳಿತ ದ್ರಾಕ್ಷಿಯ ಸಿಹಿ ವಾಸನೆ ನಾವು ನಿಂತಲ್ಲಿಗೂ ಬಂತು.

"ಸೂಡೊಮೊನಾಸ್" ಎಂದು ಆ ಕ್ರಿಮಿಯ ಹೆಸರು ಹೇಳಿದರು. "ನಿಮ್ಮನೆ ಹಳೇ ಬಾಡಿಗೆದಾರ. ನೋಡ್ಕೊಳ್ಳಿ."

ಅತ್ತಿಗೆ ಬಗ್ಗಿ ನೋಡಿದರು. ಹನ್ನೊಂದು ವರ್ಷ ಬಚ್ಚಿಟ್ಟುಕೊಂಡದ್ದನ್ನು ಮೊದಲ ಸಲ ಬೆಳಕಿನಲ್ಲಿ ಕಂಡು, ಮೆಲ್ಲಗೆ, "ನೋಡೋಕೆ ಚೆನ್ನಾಗೇ ಇದೆ" ಎಂದರು.

ಇನ್ನೊಂದು ತಟ್ಟೆಯಲ್ಲಿ ಅಂಗಿಯ ಗುಂಡಿಯಷ್ಟು ಅಗಲದ ಕಾಗದದ ಬಿಲ್ಲೆಗಳಿದ್ದವು, ಒಂದೊಂದರಲ್ಲೂ ಒಂದೊಂದು ಔಷಧಿ. ಔಷಧಿ ಕ್ರಿಮಿಯನ್ನು ತಡೆದರೆ ಬಿಲ್ಲೆಯ ಸುತ್ತ ಏನೂ ಬೆಳೆಯದೆ ಸ್ವಚ್ಛವಾದ ಬಳೆಯೊಂದು ಉಳಿಯುತ್ತದೆ. ಅತ್ತಿಗೆ ಹನ್ನೊಂದು ವರ್ಷ ಹಾಕಿಕೊಂಡ ಔಷಧಿಯ ಬಿಲ್ಲೆಗೆ ಹಸಿರು ಬಂದು ಅಂಟಿಕೊಂಡು ನಿಂತಿತ್ತು, ಸಂತೆಯಲ್ಲಿ ಪರಿಚಯದವರ ಹೆಗಲಿಗೆ ಒರಗಿದ ಹಾಗೆ. ಬೇರೆ ಎರಡು ಬಿಲ್ಲೆಗಳ ಸುತ್ತ ಅಗಲವಾದ ಬಳೆಗಳು. ಶಾಲೆಯ ಮಕ್ಕಳ ಸ್ಕೇಲಿನಂಥ ಒಂದು ಅಳತೆಕೋಲಿನಿಂದ ಅವರು ಅವನ್ನು ಮೂರು ಸಲ ಅಳೆದರು. ಒಂದು ಸಲ ಸಾಕಲ್ಲವೇ ಎಂದು ನಾನು ಕೇಳಲಿಲ್ಲ.

ಔಷಧಿ ಬದಲಾಯಿತು. ಮೂರು ವಾರಕ್ಕೆ ಕಿವಿ ಒಣಗಿತು. ಈ ಸಲ ವಾರ್ಡಿನಲ್ಲಿ ಮಲಗಿದ ಬೆಳಿಗ್ಗೆಯೂ ಒಣಗಿಯೇ ಇತ್ತು. ತೇಪೆ ಹಾಕಿದರು. ಕೊಟ್ಟ ಗಡುವು ಮೀರಿತ್ತಾದರೂ ಮೇಲ್ವಿಚಾರಕಿ ಒಂದು ತಿಂಗಳು ಹೆಚ್ಚು ಕಾದರು. ಕಟ್ಟು ಬಿಚ್ಚಿ ಕೆಲಸಕ್ಕೆ ಮರಳಿದ ದಿನ ನಾನೂ ಜೊತೆಗೆ ಹೋಗಿದ್ದೆ. ಅತ್ತಿಗೆ ಒಂದು ಮಗುವಿನ ಉಗುರು ಕತ್ತರಿಸುತ್ತಿದ್ದರು. ಹಿಂದೆ, ಎಡಗಡೆಯ ಮೂಲೆಯ ತೊಟ್ಟಿಲಲ್ಲಿ, ಅಳಲೋ ಬಿಡಲೋ ಎಂದು ಒಂದು ಕೂಸು ಇನ್ನೂ ಯೋಚಿಸುತ್ತ ಸಣ್ಣಗೆ ಕುಂಯ್ ಎಂದಿತು. ಮೇಲ್ವಿಚಾರಕಿಯ ತಲೆಯೂ ನನ್ನ ತಲೆಯೂ ತಿರುಗುವ ಮೊದಲೇ ಅತ್ತಿಗೆಯ ಎಡಗೈ ಅತ್ತ ಚಾಚಿ ತೊಟ್ಟಿಲನ್ನು ತೂಗುತ್ತಿತ್ತು. ತಲೆ ಎತ್ತಿರಲಿಲ್ಲ, ಉಗುರು ಕತ್ತರಿಸುವುದೂ ನಿಂತಿರಲಿಲ್ಲ. ಮೇಲ್ವಿಚಾರಕಿ ಬಾಗಿಲನ್ನು ಮೆಲ್ಲಗೆ ಎಳೆದುಕೊಂಡು ಹೊರಗೆ ಹೋದರು.

ಎಲ್ಲ ಕೆಲಸದ ಕೋಣೆಗಳಲ್ಲೂ ಇಂಥವರು ಒಬ್ಬರಾದರೂ ಇರುತ್ತಾರೆ, ಬಹಳ ಸಲ ಹೆಂಗಸರು, ಬಹಳ ಸಲ ಒಂದು ಕಿಂಡಿಯ ಹಿಂದೆ. ಕೊಳೆಯನ್ನು ಕಂಡು ಮುಖ ಸಿಂಡರಿಸುವವರನ್ನೂ, ಕೊಳೆಯನ್ನು ಮುಚ್ಚಿ ತೊಳೆದು ಮಡಚಿಡುವವರನ್ನೂ ಲೋಕ ಬೇಕಾದಷ್ಟು ತಯಾರಿಸುತ್ತದೆ. ಮೊದಲನೆಯವರ ಭಯಕ್ಕೆ ಎರಡನೆಯವರು ಜೀವ ಸವೆಸುತ್ತಾರೆ. ಕೊಳೆಯನ್ನು ಹತ್ತಿರ ಎಳೆದುಕೊಂಡು, ಅದನ್ನು ಹೊತ್ತು ತಂದವಳ ಮೇಲೆ ತಪ್ಪು ಹೊರಿಸದೆ, ಇದು ಏನು, ಇದಕ್ಕೆ ಏನು ಮಾಡಬಹುದು ಎಂದು ಬೆಳಕಿಗೆ ಹಿಡಿದು ನೋಡುವ ಜನ ಅಪರೂಪ. ಅವರು ಸಮಾಧಾನದ ಮಾತು ಹೇಳುವುದಿಲ್ಲ, ಕಣ್ಣೊರೆಸುವುದಿಲ್ಲ. ಆದರೂ ಅವರೆದುರು ಕೂತಾಗ ಒಬ್ಬ ಹೆಂಗಸು ವರ್ಷಗಳಲ್ಲಿ ಮೊದಲ ಬಾರಿಗೆ ತನ್ನನ್ನು ಚೊಕ್ಕಟ ಮಾಡಿಕೊಳ್ಳುವ ಕೆಲಸವನ್ನು ಕೆಳಗಿಟ್ಟು ಸುಮ್ಮನೆ ಕೂರಬಹುದು. ವಾಸಿಯಾಗುವುದು ಅಲ್ಲಿಂದಲೇ ಶುರುವಾಗುತ್ತದೆ.